ಕಂಠಪ್ಪ ಕಾರ್ಖಾನೆ ಸೇರಿದ ಬಗೆ

ಅಂತರಸಂತೆಯಲ್ಲಿ ಡಾಕ್ಟರ್ ಕಂಠಪ್ಪನ ಮನೆ ಯಾವುದೆಂದು ಕೇಳಿದರೆ ಜನ ಆಸ್ಪತ್ರೆಯ ದಾರಿ ತೋರಿಸುತ್ತಾರೆ. ಗಾಡಿ ಲಿಂಗಣ್ಣನ ಮಗ ಎಂದರೆ ಮಾತ್ರ ಬಾಗಿಲವರೆಗೂ ಜೊತೆಗೆ ಬಂದು ಬಿಟ್ಟು ಹೋಗುತ್ತಾರೆ. ಲಿಂಗಣ್ಣನವರು ಕಾಕನಕೋಟೆ ಕಾಡಿನಿಂದ ಡಿಪೋಗೆ ದಿಮ್ಮಿ ಸಾಗಿಸುವವರು. ಒಳ್ಳೆಯ ಎತ್ತುಗಳನ್ನು ಪಳಗಿಸಿ ಮಾರುವುದರಲ್ಲೂ ಅವರ ಹೆಸರು ಹುಣಸೂರಿನವರೆಗೆ ಗೊತ್ತು.

ಕಂಠಪ್ಪನೂ ನಾನೂ ಮೈಸೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದೆವು. ನಾನು ಬಿ.ಎ. ಮುಗಿಸಿ ನಮ್ಮ ತಾಲ್ಲೂಕಿನ ಊರಾದ ಕೋಟೆಯ ಶಾಲೆಗೆ ಮೇಷ್ಟರಾಗಿ ಬಂದೆ. ಅವನು ಬೆಂಗಳೂರಿಗೆ ಹೋಗಿ ಡಾಕ್ಟರೇಟ್ ಪಡೆದ. ಅವನ ವಿಷಯ ಮರ ಒಣಗುವ ಬಗೆ. ಬೇಸಿಗೆಯಲ್ಲಿ ಡಿಪೋದ ಬಯಲಿನಲ್ಲಿ ಬಿದ್ದಿರುತ್ತಿದ್ದ ತೇಗದ ದಿಮ್ಮಿಗಳು ತುದಿಯಲ್ಲಿ ಸೀಳುವುದನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ಯಾಕೆ ಹೀಗೆ ಎಂದು ಕೇಳಿದಾಗ ಅವರಪ್ಪ, "ಬಿಸ್ಲಿಗೆ ಮರ ಬಾಯಿ ಬುಡ್ತದೆ ಕಣ್ಲಾ, ನಿನ್ನಂಗೆ" ಎಂದಿದ್ದರಂತೆ. ಆ ಉತ್ತರ ಸಾಲದೆ ಅವನು ಅಷ್ಟು ಓದಿದ ಎಂದು ನಾವು ತಮಾಷೆ ಮಾಡುತ್ತಿದ್ದೆವು.

೧೯೫೪ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಎರಡು ವರ್ಷದ ಸಂಶೋಧನಾ ವೃತ್ತಿ ಸಿಕ್ಕಿತು. ಬೆರಳುದ್ದದ ಚಕ್ಕೆಗಳನ್ನು ಗಾಜಿನ ಪಾತ್ರೆಯಲ್ಲಿಟ್ಟು, ಒಣಗಿಸಿ, ತೂಗಿ, ಮತ್ತೆ ಒಣಗಿಸಿ, ಮತ್ತೆ ತೂಗುವುದು ಅಲ್ಲಿನ ಕೆಲಸ. ಅವನ ಲೇಖನಗಳು ಅಚ್ಚಾದವು, ಪ್ರೊಫೆಸರರು ಮೆಚ್ಚಿದರು. ಆದರೆ ಮೊದಲ ವರ್ಷ ಕಳೆಯುವ ಹೊತ್ತಿಗೆ ಒಂದು ಮರದ ಅಡ್ಡೆಗೆ ಹೋಗಿದ್ದಾಗ, ಮನೆಯೆತ್ತರ ಪೇರಿಸಿದ ಹಲಗೆಗಳಲ್ಲಿ ಸೀಳಿದವನ್ನು ಆಳುಗಳು ಎಳೆದೆಳೆದು ಸೌದೆಯ ರಾಶಿಗೆ ಎಸೆಯುವುದನ್ನು ಕಂಡ. ತಾನು ಚಕ್ಕೆಯಲ್ಲಿ ಕಂಡುಕೊಂಡದ್ದು ಈ ರಾಶಿಯವರೆಗೆ ಬಂದೇ ಇಲ್ಲವಲ್ಲ ಎನ್ನಿಸಿತು. ಅಂದೇ ಅವನು ನಿರ್ಧರಿಸಿದ: ಮುಂದಿನ ಕೆಲಸ ಕಾರ್ಖಾನೆಯಲ್ಲಿ, ಗಾಡಿಗಟ್ಟಲೆ ಮರದ ನಡುವೆ.

ಒಂದು ಕಾರ್ಖಾನೆಯವರು ಕರೆದು ಮಾತಾಡಿಸಿದರು. ನೀವು ಏನು ಮಾಡಿದ್ದೀರಿ ಎಂದು ಕೇಳಿದಾಗಲೆಲ್ಲ ಇವನು ಪ್ರೊಫೆಸರರು ಏನು ಮಾಡಿದರು ಎಂಬುದನ್ನು ಹೇಳಿದ. ತನ್ನನ್ನು ತಾನೇ ಹೊಗಳಿಕೊಳ್ಳುವುದು ನಮ್ಮ ಕಡೆ ಮರ್ಯಾದೆಯ ಲಕ್ಷಣವಲ್ಲ; ಅದನ್ನು ಹಿರಿಯರೋ ಪಕ್ಕದಲ್ಲಿ ಕೂತವರೋ ಹೇಳಬೇಕು. ಅಲ್ಲಿ ಪಕ್ಕದಲ್ಲಿ ಯಾರೂ ಕೂತಿರಲಿಲ್ಲ. ನಿಮಗೆ ವಿಶ್ವವಿದ್ಯಾನಿಲಯವೇ ಸರಿ ಎಂದು ನಯವಾಗಿ ಹೇಳಿ ಕಳಿಸಿದರು.

ಆ ಡಿಸೆಂಬರಿನಲ್ಲಿ ಅವನು ಮದುವೆಗೆಂದು ಊರಿಗೆ ಬಂದ. ಹುಡುಗಿ ಬೆಟ್ಟದಪುರದ ನೀಲಾಂಬಿಕೆ. ಆಕೆಯ ತಂದೆ ವೀರಭದ್ರಸ್ವಾಮಿಗಳು ಹೊಗೆಸೊಪ್ಪು ಬೆಳೆಯುವವರು, ಮಾತಿನಲ್ಲಿ ಗಟ್ಟಿಗರು. ಅಳಿಯ ಕಾರ್ಖಾನೆಯ ಕೆಲಸ ಹುಡುಕುತ್ತಿದ್ದಾನೆಂದು ತಿಳಿದು ಅವರಿಗೆ ಸಮಾಧಾನವಾಗಲಿಲ್ಲ.

"ಇಷ್ಟೆಲ್ಲ ಓದ್ಬುಟ್ಟು ಕಾರ್ಖಾನೆಗೋಗದಾ ಅಳಿಯಂದ್ರೇ? ಮೈಸೂರ್‌ನಾಗೆ ಕಾಲೇಜ್ ಕೆಲ್ಸ ಕಾಯ್ಕಂಡದೆ. ಯಾರಾರ ಕೇಳುದ್ರೆ ನಮ್ಮಳಿಯ ಕಾಲೇಜ್ ಮೇಷ್ಟ್ರು ಅನ್ಬೌದು. ಮರ ಒಣಗಿಸ್ತಾವ್ರೆ ಅಂತ ಎಂಗನ್ಲಿ?"

"ನೀವು ಹೊಗೆಸೊಪ್ಪು ಒಣಗಿಸಲ್ವಾ ಮಾವ?"

"ನಾನು ಓದಿಲ್ವಲ್ಲಪ್ಪ, ಅದ್ಕೇ ಒಣಗಿಸ್ತೀನಿ."

ಕೊನೆಗೆ ಒಂದು ಮಾತಾಯಿತು. ಸಂಶೋಧನಾ ವೃತ್ತಿ ಮುಗಿಯುವುದು ಮುಂದಿನ ಸೆಪ್ಟೆಂಬರಿಗೆ. ಅಷ್ಟರೊಳಗೆ ಕಾರ್ಖಾನೆಯ ಕೆಲಸ ಸಿಕ್ಕಿದರೆ ನೀಲಾಂಬಿಕೆಯನ್ನು ಅಲ್ಲಿಗೇ ಕರೆಸಿಕೊಳ್ಳುವುದು. ಸಿಕ್ಕದಿದ್ದರೆ ಹಡಗು ಹತ್ತಿ ಬಂದು ಮೈಸೂರಿನ ಕೆಲಸ ಒಪ್ಪಿಕೊಳ್ಳುವುದು. ಕಂಠಪ್ಪ ಆಗಲಿ ಎಂದ. ಸಿಕ್ಕೇ ಸಿಗುತ್ತದೆಂದು ಅವನಿಗೆ ನಂಬಿಕೆಯಿತ್ತು. ಹೇಗೆ ಎಂಬುದು ಮಾತ್ರ ತಿಳಿದಿರಲಿಲ್ಲ.

ಮದುವೆಯಾದ ಮೇಲೆ ಅಂತರಸಂತೆಗೆ ಬಂದ ವೀರಭದ್ರಸ್ವಾಮಿಗಳ ಕಣ್ಣಿಗೆ ಲಿಂಗಣ್ಣನವರ ಕೊಟ್ಟಿಗೆಯ ಒಂದು ಬಿಳಿ ಎತ್ತು ಬಿತ್ತು. ಬೆಟ್ಟದಪುರದಲ್ಲಿ ಅವರ ಜೋಡಿ ಎತ್ತಿನಲ್ಲಿ ಒಂದು ಆಗಷ್ಟೇ ಸತ್ತಿತ್ತು. ಲಿಂಗಣ್ಣನವರು ಎತ್ತು ಕೊಳ್ಳಲು ಬಂದವರಿಗೆಲ್ಲ ಹೇಳುವ ಮಾತು ಒಂದೇ: "ನಾನೇನೂ ಯೋಳಾಕಿಲ್ಲ. ಒಡ್ಕೊಂಡೋಗಿ ನಿಮ್ಮ ಗಾಡಿಗೆ ಕಟ್ಟಿ ನೋಡಿ. ಆಮ್ಯಾಕೆ ಮಾತು." ಆದರೆ ಹೊಸ ಬೀಗರಿಗೆ ಆ ಮಾತು ಹೇಳಲು ಅವರಿಗೆ ಬಾಯಿ ಬರಲಿಲ್ಲ. ಹೇಳಿದರೆ ತನ್ನ ಎತ್ತಿನ ಮೇಲೆ ತನಗೇ ನಂಬಿಕೆ ಇಲ್ಲವೆಂದಂತೆ. ಕಟ್ಟಿ ನೋಡುತ್ತೇನೆ ಎನ್ನಲು ವೀರಭದ್ರಸ್ವಾಮಿಗಳಿಗೂ ಸಂಕೋಚ. ಮಗಳನ್ನು ಕೊಟ್ಟ ಮನೆಯನ್ನೇ ಅನುಮಾನಿಸಿದಂತೆ. ಎಲೆ ಅಡಿಕೆ ಹಾಕಿಕೊಂಡು, ಒಂದು ಪ್ರಶ್ನೆಯೂ ಇಲ್ಲದೆ ವ್ಯಾಪಾರ ಮುಗಿಸಿದರು.

ಕೆಲವೇ ದಿನಗಳಲ್ಲಿ ಬೆಟ್ಟದಪುರದಿಂದ ಹೇಳಿಕಳಿಸಿದರು, ಎತ್ತು ಗಾಡಿ ಎಳೆಯುತ್ತಿಲ್ಲ ಎಂದು. ಲಿಂಗಣ್ಣನವರು ಮಗನನ್ನು ಕರೆದುಕೊಂಡು ಹುಣಸೂರು, ಪಿರಿಯಾಪಟ್ಟಣದ ಮೇಲೆ ಬಸ್ಸಿನಲ್ಲಿ ಹೋದರು. ಹೊಲಕ್ಕೆ ಹೊಡೆಯಬೇಕಾಗಿದ್ದ ಗೊಬ್ಬರದ ಗಾಡಿ ಅಂಗಳದಲ್ಲೇ ನಿಂತಿತ್ತು. ಪಕ್ಕದ ಮನೆಯ ಚಲುವಯ್ಯ ಮೊದಲಾದವರು ಜಗಲಿಯ ಮೇಲೆ ಸೇರಿದ್ದರು.

"ಬನ್ನಿ ಬೀಗ್ರೇ," ಎಂದರು ವೀರಭದ್ರಸ್ವಾಮಿಗಳು. "ನೊಗ ಇಟ್ರೆ ಕತ್ತು ತಿರುಗಿಸ್ತದೆ, ಒಡುದ್ರೆ ಮಲಿಕ್ಕತದೆ. ಬೀಗರ ಮನೇದು ಅಂತ ಬಯ್ಯಕ್ಕೂ ಆಗಕಿಲ್ಲ."

"ಉಪಚಾರ ಜಾಸ್ತಿ ಆಗದೆ ಬುಡಿ," ಎಂದ ಚಲುವಯ್ಯ. "ಒಸ ಅಳಿಯ ಅಂದ್ಕಬುಟ್ಟದೆ."

"ಅಂಗೇ ಆಗದೆ. ಎತ್ತೂ ಎದ್ದೇಳಾಕಿಲ್ಲ, ಅಳಿಯಂದ್ರಿಗೂ ಕಾರ್ಖಾನೆ ಕೆಲ್ಸ ಸಿಕ್ಕಾಕಿಲ್ಲ. ಎರಡ್ನೂ ಒಂದೇ ಮನೆಯಿಂದ ತಂದೆ ನಾನು."

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಕಂಠಪ್ಪನೂ ನಕ್ಕ, ಆದರೆ ಮುಖ ಕೆಂಪಾಗಿತ್ತು. ಲಿಂಗಣ್ಣನವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಕಟ್ಟಿ, ನೋಡುವ," ಎಂದರು.

ಆಳು ಎತ್ತುಗಳನ್ನು ತಂದು ನೊಗಕ್ಕೆ ಕಟ್ಟಿದ. ಬಿಳಿ ಎತ್ತು ಜೊತೆಯದನ್ನು ಹೊರಕ್ಕೆ ನೂಕುತ್ತ ಕತ್ತು ತಿರುಗಿಸಿತು. ಲಿಂಗಣ್ಣನವರು ಒಂದು ಗಳಿಗೆ ನೋಡಿದರು.

"ಇದ ಬಲಕ್ಕೆ ಕಟ್ಟಿದೋರು ಯಾರು?"

"ಸತ್ತೋದ ಎತ್ತು ಬಲಗಡೆ ಇತ್ತು. ಆ ಜಾಗಕ್ಕೇ ಕಟ್ಟಿದ್ದೀವಿ," ಎಂದರು ವೀರಭದ್ರಸ್ವಾಮಿಗಳು.

"ಇದು ಎಡಕ್ಕೆ ಪಳಗಿರೋದು ಕಣ್ರೀ ಬೀಗ್ರೇ. ಒಂದು ದಿನಾನೂ ಬಲಗಡೆ ಎಳೆದಿಲ್ಲ."

"ಯೋಳ್ಬೌದಿತ್ತು ನೀವು."

"ಕೇಳ್ಬೌದಿತ್ತು ನೀವು."

ಆ ಮನೆಯ ಹಳೆಯ ಎತ್ತು ಸಾಧು, ಯಾವ ಕಡೆ ಕಟ್ಟಿದರೂ ನಡೆಯುವಂಥದು. ಅದನ್ನು ಬಲಕ್ಕೆ ದಾಟಿಸಿ ಬಿಳಿಯದನ್ನು ಎಡಕ್ಕೆ ತಂದರು. ಲಿಂಗಣ್ಣನವರು ಚಾಟಿ ಮುಟ್ಟಲಿಲ್ಲ, ನಾಲಿಗೆಯಲ್ಲಿ ಲೊಚಗುಟ್ಟಿದರು. ಗೊಬ್ಬರದ ಗಾಡಿ ಅಂಗಳ ದಾಟಿ ಬೀದಿಗಿಳಿಯಿತು. ಚಲುವಯ್ಯ ಜಗಲಿಯಿಂದ ಎದ್ದು ದಾರಿ ಬಿಟ್ಟ.

ಮಾರ್ಚಿನಲ್ಲಿ ಕಂಠಪ್ಪ ಹೊರಟ. ಹುಣಸೂರಿನ ಬಸ್ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ಬಸ್ಸು ಹೊರಡುವಾಗ ನೀಲಾಂಬಿಕೆ ಕಿಟಕಿಯ ಹತ್ತಿರ ಬಂದು, "ಅಲ್ಲೋದ ತಕ್ಷಣ ಎಡಕ್ಕೋ ಬಲಕ್ಕೋ ಅಂತ ನೀವೇ ಯೋಳ್ಬುಡಿ. ನಮ್ಮಪ್ಪನಂಗೆ ಅವ್ರೂ ಕೇಳ್ದೆ ಕಟ್ಟಾರು," ಎಂದಳು. ಅವನು ನಗುತ್ತಲೇ ಹೋದ.

ಮುಂದಿನದು ಕಳೆದ ವರ್ಷ ಅವನು ಊರಿಗೆ ಬಂದಾಗ ನನಗೆ ಹೇಳಿದ್ದು.

ಬ್ರಿಸ್ಟಲ್ ಬಂದರಿನಲ್ಲಿ ಬಾಗಿಲು ಕಿಟಕಿ ಮಾಡುವ ಒಂದು ಕಾರ್ಖಾನೆಯವರು ಜೂನಿನಲ್ಲಿ ಅವನನ್ನು ಕರೆದರು. ಮ್ಯಾನೇಜರು ಮೊದಲಿನವರ ಪ್ರಶ್ನೆಯನ್ನೇ ಕೇಳಿದರು. ಕಂಠಪ್ಪ ಈ ಸಲ ಪ್ರೊಫೆಸರರ ಹೆಸರು ಎತ್ತಲಿಲ್ಲ. ತಾನು ಮಾಡಿದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ, "ಇದಕ್ಕಿಂತ ಹೆಚ್ಚಾಗಿ ನಾನು ಹೇಳಿದರೆ ನೀವು ನಂಬಬೇಕಾಗಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಒಂದು ತಿಂಗಳು ರಜೆ ತೆಗೆದುಕೊಳ್ಳುತ್ತೇನೆ. ಕೆಲಸ ಕೊಟ್ಟು ನೋಡಿ, ಆಮೇಲೆ ಮಾತಾಡೋಣ," ಎಂದ. ಮ್ಯಾನೇಜರು ಇಂಥ ಮಾತನ್ನು ಹಿಂದೆ ಕೇಳಿರಲಿಲ್ಲ. ಆದರೂ ಒಪ್ಪಿದರು.

ಒಪ್ಪಿ, ಮಹಡಿಯ ಮೇಲೆ ಒಂದು ಮೇಜು ಕೊಟ್ಟರು. ಓದಿದವನಲ್ಲವೇ, ಓದುವ ಕೆಲಸವೇ ಬಂತು. ಆಫ್ರಿಕದಿಂದ ಬರುವ ಹೊಸ ಮರಗಳ ಬಗ್ಗೆ ಎಲ್ಲೆಲ್ಲಿ ಏನು ಅಚ್ಚಾಗಿದೆ ನೋಡಿ ವರದಿ ಬರೆಯಬೇಕು. ಕಂಠಪ್ಪ ಎರಡು ವಾರ ಶ್ರದ್ಧೆಯಿಂದ ಬರೆದ. ಮ್ಯಾನೇಜರು ಬಂದು ಪುಟ ತಿರುಗಿಸಿ, "ಬಹಳ ವಿವರವಾಗಿದೆ," ಎಂದು ಹೇಳಿ ಹೋದರು. ಹಿಂದಿನ ಕಾರ್ಖಾನೆಯವರು ಕಳಿಸಿಕೊಡುವಾಗ ಆಡಿದ ನಯವಾದ ಧ್ವನಿ ಅದು. ಕಂಠಪ್ಪನಿಗೆ ಬೆಟ್ಟದಪುರದ ಅಂಗಳ ಕಣ್ಣಿಗೆ ಕಟ್ಟಿತು. ಹೀಗೇ ತಿಂಗಳು ಕಳೆದರೆ ಕೆಲಸವಿಲ್ಲ, ಸೆಪ್ಟೆಂಬರಿನಲ್ಲಿ ಹಡಗು.

ಅವನು ಎದ್ದು ಮ್ಯಾನೇಜರ ಕೋಣೆಗೆ ಹೋದ.

"ನನ್ನ ಜಾಗ ಇದಲ್ಲ. ಕೆಳಗೆ ಮರ ಒಣಗಿಸುವ ಗೂಡುಗಳ ಹತ್ತಿರ ಹಾಕಿ."

"ಅಲ್ಲಿ ನಿಮಗೆ ಮೇಜು ಕುರ್ಚಿ ಇಲ್ಲ."

"ಬೇಡ. ಇದನ್ನು ಬಂದ ದಿನವೇ ಹೇಳಬೇಕಾಗಿತ್ತು."

ಗೂಡುಗಳೆಂದರೆ ಇಟ್ಟಿಗೆಯ ದೊಡ್ಡ ಕೋಣೆಗಳು. ಹಲಗೆ ಪೇರಿಸಿ, ಬಾಗಿಲು ಮುಚ್ಚಿ, ಒಳಗೆ ಬಿಸಿಗಾಳಿ ಬಿಡುತ್ತಾರೆ. ನಮ್ಮಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಅಣ್ಣ ಎಂದುಕೊಳ್ಳಬಹುದು. ಅವುಗಳ ಮೇಸ್ತ್ರಿ ಹ್ಯಾರಿಸ್ ಎಂಬವನು. ಇವನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಬೂಟು ಹಾಳಾಗುತ್ತೆ," ಎಂದ.

"ನನ್ನ ಅಪ್ಪ ಕಾಡಿನಿಂದ ಮರ ಎಳೆಯೋರು. ಬೂಟು ಹಾಕಿದ್ದೇ ಕಾಲೇಜಿಗೆ ಬಂದ ಮೇಲೆ."

"ಹಾಗಾದರೆ ಒಂದು ಕೈ ಹಾಕು," ಎಂದು ಹ್ಯಾರಿಸ್ ಹಲಗೆಯ ಒಂದು ತುದಿ ಎತ್ತಿಕೊಟ್ಟ.

ಆ ವಾರ ಗೂಡಿನಲ್ಲಿದ್ದದ್ದು ಆಫ್ರಿಕದ ಗಟ್ಟಿ ಮರ. ಹಿಂದಿನ ಮಾಲೆಲ್ಲ ಒಳಗೊಳಗೇ ಸೀಳಿತ್ತು. ಮೇಲ್ಮೈ ಬೇಗ ಒಣಗಿ ಬಿಗಿದುಕೊಳ್ಳುತ್ತದೆ, ಒಳಗೆ ಹಸಿ ಉಳಿಯುತ್ತದೆ, ಆ ಎಳೆದಾಟದಲ್ಲಿ ಹಲಗೆ ಒಡೆಯುತ್ತದೆ. ನಡುವೆ ಒಮ್ಮೆ ಉಗಿ ಬಿಟ್ಟು ಮೇಲ್ಮೈಯನ್ನು ಮೆತ್ತಗೆ ಮಾಡಬೇಕು. ಯಾವ ಗಳಿಗೆಯಲ್ಲಿ ಬಿಡಬೇಕೆಂಬುದೇ ಪ್ರಶ್ನೆ. ಕಂಠಪ್ಪ ಮಾದರಿ ಹಲಗೆಗಳನ್ನು ಕೊಯ್ದು ತೂಗುತ್ತ ಬಂದ. ಲೀಡ್ಸ್‌ನಲ್ಲಾಗಿದ್ದರೆ ಇನ್ನೊಂದು ವಾರ ತೂಗಿ, ಗೆರೆ ಎಳೆದು, ಪ್ರೊಫೆಸರರಿಗೆ ತೋರಿಸಿ ಹೇಳುತ್ತಿದ್ದ.

ಬುಧವಾರ ಹ್ಯಾರಿಸ್ ಕೇಳಿದ, "ಈಗಲೋ, ಆಮೇಲೋ?"

"ಇನ್ನೆರಡು ದಿನ ತೂಗಿದರೆ ಖಚಿತವಾಗಿ ಹೇಳಬಹುದು."

"ಲಾರಿ ಬರೋದು ಶುಕ್ರವಾರ. ನಿನಗೆ ಖಚಿತವಾದಾಗ ಅಲ್ಲ."

ಕಂಠಪ್ಪ ಕೈಯಲ್ಲಿದ್ದ ಅಂಕಿಗಳನ್ನು ಇನ್ನೊಮ್ಮೆ ನೋಡಿದ. ಅವು ಸಾಲುವಂತಿರಲಿಲ್ಲ. ಆದರೆ ಬೆಂಗಳೂರಿನಿಂದ ಲೀಡ್ಸ್‌ವರೆಗೆ ಅಷ್ಟು ವರ್ಷ ಮರ ತೂಗಿದ್ದ ಅನುಭವ ಅವನ ಹಿಂದಿತ್ತು. ಅದನ್ನು ನೆಚ್ಚಿ ಒಂದು ಮಾತು ಹೇಳಲಾರದಿದ್ದರೆ ಇಲ್ಲಿಗೆ ಯಾಕೆ ಬಂದೆ ಎಂದುಕೊಂಡ.

"ಈಗಲೇ ಬಿಡು," ಎಂದ.

ಹ್ಯಾರಿಸ್ ಉಗಿಯ ಚಕ್ರ ತಿರುಗಿಸಿದ.

ಶುಕ್ರವಾರ ಬಾಗಿಲು ತೆಗೆದಾಗ ಮ್ಯಾನೇಜರೂ ಇಳಿದು ಬಂದಿದ್ದರು. ಹ್ಯಾರಿಸ್ ಒಂದೊಂದೇ ಹಲಗೆಯ ತುದಿಯನ್ನು ಅಡ್ಡ ಕೊಯ್ದು ನೋಡಿದ. ಮೂಲೆಯಲ್ಲಿದ್ದ ಕೆಲವು ಸೀಳಿದ್ದವು, ಉಳಿದವು ಗಟ್ಟಿ. ಮೂಲೆಯವು ಯಾಕೆ ಸೀಳಿದವೆಂದು ಕಂಠಪ್ಪ ವಿವರಿಸಲು ಹೊರಟರೆ ಹ್ಯಾರಿಸ್ ತಡೆದು, "ಮೊದಲು ಲಾರಿ ತುಂಬೋಣ, ಕೈ ಹಾಕು," ಎಂದ. ಆಮೇಲೆ ಮ್ಯಾನೇಜರ ಕಡೆ ತಿರುಗಿ, "ಇವನನ್ನು ಮತ್ತೆ ಮಹಡಿಗೆ ಕರೀಬೇಡಿ," ಎಂದ. ಸೋಮವಾರ ಕಂಠಪ್ಪನಿಗೆ ಕಾಯಂ ಕೆಲಸದ ಆದೇಶ ಸಿಕ್ಕಿತು. ಸೆಪ್ಟೆಂಬರಿಗೆ ಲೀಡ್ಸ್ ಬಿಟ್ಟು ಅಲ್ಲಿಗೇ ಹೋದ. ಈಗ ಆ ಗೂಡುಗಳೆಲ್ಲ ಅವನ ಉಸ್ತುವಾರಿಯಲ್ಲಿವೆ. ಮೂಲೆಯ ಹಲಗೆಗಳೂ ಈಗ ಸೀಳುವುದಿಲ್ಲವಂತೆ.

ಸುದ್ದಿಯ ಕಾಗದ ಅಂತರಸಂತೆಗೆ ಬಂದದ್ದು ಸಂತೆಯ ದಿನ. ನಾನೂ ಸಂತೆಗೆ ಹೋಗಿದ್ದೆ, ಲಿಂಗಣ್ಣನವರು ಓದಲು ಕರೆದರು. ನೀಲಾಂಬಿಕೆ ಆಗಲೇ ಓದಿ ಮುಗಿಸಿದ್ದಳು. ಆದರೂ ಮಾವನ ಮುಂದೆ ಗಂಡನ ಕಾಗದ ಓದಲು ನಾಚಿಕೊಂಡು ಬಾಗಿಲ ಹಿಂದೆ ನಿಂತಿದ್ದಳು. ಲಿಂಗಣ್ಣನವರು ಗಾಡಿಯ ಅಚ್ಚಿಗೆ ಎಣ್ಣೆ ಬಿಡುತ್ತಲೇ ಕೇಳಿಸಿಕೊಂಡರು.

"ಒಪ್ಕಂಡ್ರಾ?"

"ಒಪ್ಪಿಕೊಂಡಿದ್ದಾರೆ, ಕಾಯಂ ಮಾಡಿದ್ದಾರೆ."

"ಉಂ. ಕಟ್ಟಿ ನೋಡಿದ್ಮೇಲೆ ಬುಟ್ಟಾರಾ?" ಎಂದು ಹೇಳಿ ಇನ್ನೊಂದು ಚಕ್ರದ ಕಡೆ ಹೋದರು.

ಮರುವರ್ಷ ನೀಲಾಂಬಿಕೆ ಹೊರಟಾಗ ವೀರಭದ್ರಸ್ವಾಮಿಗಳು ಮಗಳ ಪೆಟ್ಟಿಗೆಗಳನ್ನು ಬಸ್ಸಿನವರೆಗೆ ತಮ್ಮ ಗಾಡಿಯಲ್ಲೇ ತಂದರು. ಪಿರಿಯಾಪಟ್ಟಣದ ನಿಲ್ದಾಣದಲ್ಲಿ ಪರಿಚಯದವರೊಬ್ಬರು ಅಳಿಯ ಅಲ್ಲಿ ಏನು ಮಾಡುತ್ತಾರೆ ಎಂದು ಕೇಳಿದರು. ನಾನು ಪಕ್ಕದಲ್ಲೇ ಇದ್ದೆ. ವೀರಭದ್ರಸ್ವಾಮಿಗಳು ಶಲ್ಯ ಸರಿಮಾಡಿಕೊಂಡು ಹೇಳಿದರು:

"ಮರ ಒಣಗಿಸ್ತಾವ್ರೆ ಕಣ್ರೀ. ನಮ್ಮ ಸೊಪ್ಪಿನಂಗಲ್ಲ ಅದು. ಎಲ್ಲಾರ ಕೈಲೂ ಆಗಕಿಲ್ಲ."