ರೊಟ್ಟಿಯ ಏಳನೇ ಚೂರು

ಗೆಳತಿಯರೇ, ಇವತ್ತು ಬೆಳಿಗ್ಗೆ ಶಹಾಪುರದ ನಮ್ಮ ಅಡುಗೆಮನೆಯಲ್ಲಿ ಒಂದು ರೊಟ್ಟಿಗಾಗಿ ಜಗಳವಾಯಿತು.

ಸರ್ಕಾರಿ ನೌಕರಿಯ ಪರೀಕ್ಷೆಗೆ ನಾನು ಮೂರನೇ ಸಲ ಓದುತ್ತಿದ್ದೇನೆ. ಹೋದ ಸಲ ಒಂದೇ ಅಂಕದಲ್ಲಿ ಕೈತಪ್ಪಿತು. ಈ ಭಾನುವಾರದ ಪರೀಕ್ಷೆಯಲ್ಲಿ ಬಿಡುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಯಲ್ಲಿ ಹೀಗಿತ್ತು: ಒಂದು ವೃತ್ತವನ್ನು ಮೂರು ನೇರ ಗೆರೆಗಳಿಂದ ಕತ್ತರಿಸಿದರೆ ಹೆಚ್ಚೆಂದರೆ ಎಷ್ಟು ತುಂಡು? ಆರು ಎಂದು ಬರೆದೆ. ಕೊನೆಯ ಪುಟದಲ್ಲಿ ಕೊಟ್ಟಿದ್ದ ಉತ್ತರ ಏಳು.

ನಂಬಿಕೆ ಬರಲಿಲ್ಲ. ಅತ್ತೆ ಆಗಷ್ಟೇ ತವೆಯಿಂದ ತೆಗೆದ ಜೋಳದ ರೊಟ್ಟಿಗೆ ಚಾಕು ಹಾಕಿದೆ. ಗೆರೆಗಳು ಒಂದನ್ನೊಂದು ದಾಟಿದರೂ ಮೂರೂ ಒಂದೇ ಕಡೆ ಕೂಡದಂತೆ ಕೊಯ್ದಾಗ ನಡುವೆ ಮೂರು ಮೂಲೆಯ ಪುಟ್ಟ ಚೂರೊಂದು ಹೆಚ್ಚಿಗೆ ಬಂತು. ಏಳು!

"ಏನ್ ಮಾಡಾಕತ್ತೀಯವ್ವ?" ಅತ್ತೆ ಸಿಡುಕಿದರು. "ನಟ್ಟನಡುವ ಕೊಯ್ದ್ರ ಆರು ಮಂದಿಗೂ ಸಮ ಬರ್ತದ. ಹಿಂಗ ಕೊಯ್ದ್ರ ಒಬ್ಬರಿಗಿ ದೊಡ್ಡದು, ಒಬ್ಬರಿಗಿ ಸಣ್ಣದು!"

ನನ್ನ ತಪ್ಪು ಅಲ್ಲೇ ಇತ್ತು. ದಿನವೂ ಹಂಚುವ ಕೈ ತಾನಾಗಿಯೇ ನಡುವಿಗೆ ಹೋಗುತ್ತದೆ. ಪ್ರಶ್ನೆ ಸಮಪಾಲು ಕೇಳಿರಲೇ ಇಲ್ಲ.

ಅತ್ತೆ ಆ ಚೂರನ್ನು ಎತ್ತಿ ಹಿಡಿದರು. "ಇಷ್ಟ್ ಸಣ್ಣದು ಯಾರಿಗಿ ಹಾಕ್ಲಿ?"

"ನನಗ ಹಾಕ್ರಿ ಅತ್ತಿ. ಅದಕ್ಕ ಒಂದ್ ಮಾರ್ಕ್ ಅದ."