ತೆಲುಗು ಬಾರದ ಆಪ್ತ ಸಲಹೆಗಾರ್ತಿ

“ಮಾ ಆಯನ ಕಲ್ಲು ತಾಗುತಾಡಮ್ಮಾ,” ಎಂದು ಆ ಹೆಂಗಸು ಅತ್ತಳು. ನಾನು ಗಾಬರಿಯಾಗಿ ಪಕ್ಕದಲ್ಲಿ ಕೂತಿದ್ದ ಅವಳ ಗಂಡನ ತಲೆ ನೋಡಿದೆ. ಗಾಯವಿರಲಿಲ್ಲ. ನನ್ನ ಹಣೆ ಮುಟ್ಟಿಕೊಂಡು, ಎಲ್ಲಿ ತಾಗಿತು ಎಂದು ಸನ್ನೆ ಮಾಡಿದೆ. ಇಬ್ಬರೂ ಪಿಳಿಪಿಳಿ ನೋಡಿದರು. ನರ್ಸ್ ನಗು ತಡೆದುಕೊಂಡು ಹಿಂದಿಯಲ್ಲಿ ಬಿಡಿಸಿ ಹೇಳಿದಳು: ತೆಲುಗಿನಲ್ಲಿ ಕಲ್ಲು ಎಂದರೆ ಸೇಂದಿ, ತಾಗುವುದೆಂದರೆ ಕುಡಿಯುವುದು.

ಧಾರವಾಡ ಬಿಟ್ಟು ಸನತ್‌ನಗರದ ಸಣ್ಣ ವ್ಯಸನಮುಕ್ತಿ ಕೇಂದ್ರಕ್ಕೆ ಬಂದು ಅದು ನನ್ನ ಮೂರನೆಯ ದಿನ. ಹೈದರಾಬಾದ್ ಆಗಿನ್ನೂ ಇಡೀ ಆಂಧ್ರದ ರಾಜಧಾನಿ. ಒಂದೇ ಬಸ್ಸಿನಲ್ಲಿ ಕರಾವಳಿಯ ತೆಲುಗು, ತೆಲಂಗಾಣದ ತೆಲುಗು, ಉರ್ದು ಬೆರೆತ ಹಿಂದಿ. ಎಲ್ಲವೂ ನೀರಿನೊಳಗೆ ಕೇಳಿದ ಹಾಗೆ ಕೇಳುತ್ತಿತ್ತು. ಮುಂಜಾನೆಯ ಮಂಜಿನಲ್ಲಿ ಕಾರ್ಖಾನೆಯ ಚಿಮಣಿಗಳು ತೇಲುತ್ತಿದ್ದವು, ನಾನೂ ತೇಲುತ್ತಿದ್ದೆ. ನೆಲ ಸಿಗುತ್ತಿದ್ದುದು ಮನೆಯೊಡತಿ ಶಾರದಾಬಾಯಿಯವರ ಅಡುಗೆಮನೆಯಲ್ಲಿ ಮಾತ್ರ. ಅವರ ಅಜ್ಜನ ಕಾಲಕ್ಕೇ ಕಲಬುರಗಿಯಿಂದ ಬಂದ ಕುಟುಂಬ. “ಗೋಂಗೂರ ಅಂದ್ರ ಅಂಜಬ್ಯಾಡ್ರಿ, ನಮ್ಮ ಪುಂಡಿಪಲ್ಯನ ಐತಿ,” ಎಂದು ಬಡಿಸುತ್ತಿದ್ದರು.

ಕಲ್ಲು ಕುಡಿಯುವ ಆ ಗಂಡನ ಹೆಸರು ಯಾದಗಿರಿ. ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಫಿಟ್ಟರ್. ಸಂಜೆ ಅವನು ಬಸ್ಸಿಳಿಯುವ ಜಾಗದ ಎದುರಿಗೇ ಸೇಂದಿ ಅಂಗಡಿ. ಧಾರವಾಡದಲ್ಲಾಗಿದ್ದರೆ ನಾನು ಅವನಿಗೆ ಗಂಟೆಗಟ್ಟಲೆ ಬುದ್ಧಿ ಹೇಳುತ್ತಿದ್ದೆ. ಇಲ್ಲಿ ಬುದ್ಧಿ ಹೇಳುವಷ್ಟು ತೆಲುಗಿರಲಿಲ್ಲ. ಅವನ ಮುಖ ನೋಡುತ್ತ ಸುಮ್ಮನೆ ಕೂರುತ್ತಿದ್ದೆ. ನಾಲ್ಕನೆಯ ವಾರ, ಕೇಳಿದ ತೆಲುಗು ಅಷ್ಟಿಷ್ಟು ತಿಳಿಯತೊಡಗಿದಾಗ, ಆ ಮೌನದೊಳಗೆ ಅವನೇ ಮಾತಾಡಿದ. ಅವನು ಪಾಳಿಯಲ್ಲಿದ್ದಾಗ ಐದು ವರ್ಷದ ಮಗಳು ಜ್ವರದಿಂದ ತೀರಿಕೊಂಡಿದ್ದಳು. “ಇಂಟ್ಲ ಸಪ್ಪುಡು ಲೇದಮ್ಮಾ,” ಎಂದ. ಮನೆಯಲ್ಲಿ ಸದ್ದೇ ಇಲ್ಲ. ಆ ನಿಶ್ಶಬ್ದಕ್ಕೆ ಹೆದರಿ ಅವನು ಕುಡಿಯುತ್ತಿದ್ದ. ಹೆಂಡತಿ ಲಕ್ಷ್ಮಮ್ಮ ಈ ಹೆದರಿಕೆಯ ಮಾತನ್ನು ಮೊದಲ ಸಲ ಕೇಳುತ್ತಿದ್ದಳು. ಮೆಲ್ಲಗೆ ಅವನ ತೋಳು ಹಿಡಿದುಕೊಂಡಳು.

ಮೂವರೂ ಕೂತು ಒಂದು ಉಪಾಯ ಮಾಡಿದೆವು. ಅವನು ಒಂದು ಸ್ಟಾಪ್ ಮೊದಲೇ ಇಳಿಯಬೇಕು. ಲಕ್ಷ್ಮಮ್ಮ ಅಲ್ಲಿ ಕಾದಿದ್ದು, ಇಬ್ಬರೂ ಮಾತಾಡುತ್ತ ಹಿಂದಿನ ಗಲ್ಲಿಯಿಂದ ಮನೆಗೆ ನಡೆಯಬೇಕು. ಎರಡು ತಿಂಗಳು ನಡೆದರು. ಆಮೇಲೆ ಒಂದು ದಿನ ಅವಳೊಬ್ಬಳೇ ಬಂದು, ನಿನ್ನೆ ಮತ್ತೆ ಕುಡಿದ ಎಂದಳು.

ಮರಳಿ ಕುಡಿಯುವುದು ಸೋಲಲ್ಲ, ಗುಣವಾಗುವ ದಾರಿಯಲ್ಲಿ ಅದೂ ಬರುತ್ತದೆ ಎಂದು ನಾನು ಓದಿ ಪಾಸಾದವಳು. ಆದರೂ ಮನೆಗೆ ಹೋಗಿ ರಾಜೀನಾಮೆ ಬರೆದೆ.

ಶಾರದಾಬಾಯಿ ಕಾಗದ ನೋಡಿದರು. “ಅವ ಕುಡದಾನಂತ ನೀವ್ಯಾಕ ಊರು ಬಿಡ್ತೀರಿ? ನಾಳೆ ಅವ ಬಂದ್ರ ಎದುರಿನ ಕುರ್ಚಿ ಖಾಲಿ ಇರಬೇಕೇನ್ರಿ?”

ಅವನು ಬಂದದ್ದು ಮೂರನೆಯ ದಿನ. ಬಾಗಿಲಲ್ಲೇ ತಲೆ ತಗ್ಗಿಸಿ ನಿಂತ. ಬೈಯಲಿಲ್ಲ. ಕುಡಿದ ಆ ದಿನ ಯಾವ ದಿನವಾಗಿತ್ತು ಎಂದಷ್ಟೇ ಕೇಳಿದೆ. ಮಗಳು ಹುಟ್ಟಿದ ದಿನ. ನಮ್ಮ ಉಪಾಯದಲ್ಲಿ ಬಸ್ ಸ್ಟಾಪಿಗೆ ಜಾಗವಿತ್ತು, ಆ ದಿನಕ್ಕೆ ಇರಲಿಲ್ಲ. ಮರುವರ್ಷ ಆ ದಿನ ಗಂಡಹೆಂಡಿರು ಸಿಕಂದರಾಬಾದಿನ ಲಕ್ಷ್ಮಮ್ಮನ ಅಕ್ಕನ ಮನೆಗೆ ಹೋಗಿ ಮಗಳ ಹೆಸರಿನಲ್ಲಿ ಪಾಯಸ ಮಾಡಿ, ಅತ್ತು, ನಕ್ಕು ಬಂದರು. ಅವನು ಕುಡಿಯಲಿಲ್ಲ.

ಆ ಬೇಸಿಗೆಯಲ್ಲಿ ಧಾರವಾಡಕ್ಕೆ ಹೋದಾಗ, ಊಟ ಮುಗಿಸಿ ಪಡಸಾಲೆಯಲ್ಲಿ ಅಡ್ಡಾಗಿದ್ದೆವು. ತಂಗಿ ತೊಲೆಗಳನ್ನು ನೋಡುತ್ತ, “ಅಕ್ಕಾ, ನನಗ ಭಾಳ ದಿನದಿಂದ ನಿದ್ದಿನ ಬರವಲ್ದು,” ಎಂದಳು. ನಾನು ಎದ್ದು ಅವಳ ಕಡೆ ತಿರುಗಿ ಕೂತೆ.

“ಚೆಪ್ಪು.”

“ಏನಂದಿ?”

ಹೇಳು ಎನ್ನಬೇಕಿತ್ತು, ತೆಲುಗು ಬಂದುಬಿಟ್ಟಿತ್ತು. ಅಷ್ಟು ಮೆತ್ತಗೆ ಆ ಮಾತನ್ನು ನಾನು ಕನ್ನಡದಲ್ಲಿ ಯಾರಿಗೂ ಅಂದಿರಲಿಲ್ಲ.

“ಹೇಳು,” ಎಂದೆ. ಅವಳು ಹೇಳತೊಡಗಿದಳು. ನಾನು ಹುಟ್ಟಿದ ಮನೆಯಲ್ಲಿ, ಬೇರೆ ಊರಿನಲ್ಲಿ ಕಲಿತ ಮೌನದೊಳಗೆ ಕೂತು ಕೇಳಿದೆ.