ಗೋಡೆಗೆ ಮುಖ ಮಾಡಿದ ಸ್ಕಾಟ್ಲೆಂಡಿನ ಅಜ್ಜ

ವಿದ್ಯಾನಗರದ ನಮ್ಮ ಬೀದಿಗೆ ಸೈಬರ್ ಸೆಂಟರ್ ಬಂದ ವರ್ಷ. ಎದುರುಮನೆಯ ನಿವೃತ್ತ ಟೀಚರಮ್ಮ ತಮ್ಮ ಅಜ್ಜನ ಫೋಟೋವನ್ನು ಗೋಡೆಯ ಕಡೆ ತಿರುಗಿಸಿ ನೇತುಹಾಕಿದ್ದರು. ಸ್ಕಾಟ್ಲೆಂಡಿನಿಂದ ಕಾಫಿ ಎಸ್ಟೇಟಿಗೆ ಬಂದು, ಇಲ್ಲಿಯವಳನ್ನೇ ಮದುವೆಯಾಗಿ, ಇಲ್ಲೇ ಮಣ್ಣಾದ ಬಡಗಿ ಆತ.

"ಏನಮ್ಮಾ, ಅಜ್ಜನಿಗೆ ಶಿಕ್ಷೆನಾ?" ಎಂದೆ.

"ತಮಾಷೆ ಬೇಡಿ. ಮೋಸಗಾರ ಆತ. ನಮ್ಮಜ್ಜೀನ ಕಟ್ಕೊಳ್ಳೋ ಮೊದ್ಲೇ ಅಲ್ಲೊಬ್ಳು ಹೆಂಡ್ತಿ ಇದ್ಲು."

ಮೇಜಿನ ಮೇಲೆ ಎರಡು ನಕಲು. ಇಲ್ಲಿನ ಚರ್ಚಿನ ಮದುವೆ ಪುಸ್ತಕದಲ್ಲಿ ವರ ಅವಿವಾಹಿತ. ಪಕ್ಕದಲ್ಲಿ ಅವನ ಅಪ್ಪನ ಹೆಸರು. ಸೈಬರ್ ಸೆಂಟರಿನಲ್ಲಿ ತೆಗೆಸಿದ, ಅದಕ್ಕೂ ಮೊದಲಿನ ಸ್ಕಾಟ್ಲೆಂಡಿನ ಜನಗಣತಿ ಹಾಳೆಯಲ್ಲಿ ಅದೇ ಹೆಸರು, ಅದೇ ಊರು, ಅದೇ ಬಡಗಿ ಕೆಲಸ. ಕೆಳಗಿನ ಸಾಲಿನಲ್ಲಿ ಹೆಂಡತಿ.

"ವಯಸ್ಸು ಮೂರು ವರ್ಷ ತಾಳೆ ಆಗಲ್ಲ," ಎಂದೆ.

"ಅದೂ ಸುಳ್ಳೇ ಹೇಳಿರ್ತಾನೆ."

ಸುಳ್ಳಿನ ವಿಷಯದಲ್ಲಿ ಜಿಲ್ಲೆಗೇ ನಾನು ದೊಡ್ಡ ಪಂಡಿತ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಜನಗಣತಿಗೆ ತಿರುಗಿದವನು. ವಯಸ್ಸು ಕೇಳಿದರೆ ಅಜ್ಜಿಯರು "ನೀನೇ ನೋಡಿ ಬರ್ಕೋ ಮಾರಾಯ" ಅನ್ನುತ್ತಿದ್ದರು. ಕಾಫಿ ಕೊಟ್ಟವರಿಗೆ ಐದು ವರ್ಷ ಕಡಿಮೆ ಬರೆದೆ. ಹೆಸರನ್ನಂತೂ ನಾನು ನಂಬುವುದೇ ಇಲ್ಲ.

"ಕಾಗದನಗರದಲ್ಲಿರೋ ನನ್ನ ಚಿಕ್ಕಪ್ಪನ ಮಗನಿಗೂ ನನಗೂ ಒಂದೇ ಹೆಸ್ರು, ಇಬ್ರಿಗೂ ಅಜ್ಜಂದು," ಎಂದು ಟೀಚರಮ್ಮನಿಗೆ ಹೇಳಿದೆ. "ಅವನಿಗೆ ಹೆಣ್ಣು ನೋಡೋಕೆ ಬನ್ನಿ ಅಂತ ಬಂದ ಕಾಗ್ದ ನನ್ನ ಕೈಗೆ ಸಿಕ್ತು. ನಾನೇ ಹೋಗಿ ಎರಡು ತಟ್ಟೆ ಕೇಸರಿಬಾತ್ ತಿಂದ್ಬಂದೆ. ನಿಮ್ಮ ಹಾಳೆಯಲ್ಲಿರೋ ಆಸಾಮಿಯ ಮದುವೆ ದಾಖಲೆ ತರಿಸಿ. ಅವನಪ್ಪ ಯಾರು ನೋಡೋಣ."

"ನಿಮ್ಮ ಮಾತು ನಂಬಬೇಕಾ? ನಾಳೆ ನೀರು ಬರಲ್ಲ ಅಂತ ಸುಳ್ಳು ಹೇಳಿ ಇಡೀ ಬೀದಿ ಕೈಲಿ ಡ್ರಮ್ ತುಂಬಿಸಿದೋರು ನೀವು."

ಆದರೂ ದಾಖಲೆ ಕೇಳಿ ಸ್ಕಾಟ್ಲೆಂಡಿಗೆ ಬರೆದರು. ಎರಡು ತಿಂಗಳಿಗೆ ಲಕೋಟೆ ಬಂತು. ಒಡೆಯಲು ಧೈರ್ಯವಿಲ್ಲದೆ ನನ್ನನ್ನು ಕರೆಸಿದರು.

"ಓದಿ. ಆದ್ರೆ ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ತೋರಿಸ್ಬೇಕು."

ಬೆರಳಿಟ್ಟೆ. ಮನೆತನದ ಹೆಸರು ಒಂದೇ, ಅಪ್ಪ ಮಾತ್ರ ಬೇರೆ. ಆ ಹೆಂಡತಿಯ ಗಂಡ ಇವರ ಅಜ್ಜನಲ್ಲ, ಬಹುಶಃ ಅಜ್ಜನ ದಾಯಾದಿ. ಟೀಚರಮ್ಮ ಹಾಳೆ ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದು, ನಾನೇನಾದರೂ ತಿದ್ದಿದ್ದೇನೆಯೇ ಎಂದು ನೋಡಿದರು. ಮೂರು ಸಲ ಓದಿದರು. ಆಮೇಲೆ ಕುರ್ಚಿ ಹತ್ತಿ ಫೋಟೋ ಇಳಿಸಿ, ಗಾಜನ್ನು ಸೆರಗಿನಿಂದ ಒರೆಸಿ, ಅಜ್ಜನ ಮುಖವನ್ನು ನಮ್ಮ ಕಡೆ ಮಾಡಿ ಹಾಕಿದರು.

ಕುರ್ಚಿಯಿಂದ ಇಳಿಯುತ್ತಾ ಕೇಳಿದರು: "ಆ ಕೇಸರಿಬಾತ್ ಮನೆ ಹುಡುಗಿ ಏನಾದ್ಲು?"

"ನಿಮ್ಮ ಎದುರುಮನೇಲಿ ಕಾಫಿ ಸೋಸ್ತಿದ್ದಾಳೆ."

ಟೀಚರಮ್ಮ ನನ್ನ ಮುಖವನ್ನೇ ನೋಡಿದರು. ಚಪ್ಪಲಿ ಮೆಟ್ಟಿ, ನನ್ನ ಹೆಂಡತಿಯನ್ನೇ ವಿಚಾರಿಸಲು ನಮ್ಮ ಮನೆಗೆ ಹೊರಟೇಬಿಟ್ಟರು.